ಕಾದ ಉಕ್ಕಿನ ಮೇಲೊಂದು ಹನಿ

ನನ್ನ ಗುಬ್ಬಿಗೆ,

ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಬರೆಯುತ್ತಿದ್ದೇನೆ. ಮನೆಯಲ್ಲಿ ನಿನ್ನ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆಯುವುದೂ ಗೋಡೆಗೆ ಹೇಳಿದ ಹಾಗೆ: “ಯಾರಿಗಾದ್ರೂ ಹಸಿವಿದ್ರೆ ತಟ್ಟೆ ಹಾಕಿದೀನಿ.” ಗೋಡೆಯ ಪರವಾಗಿ ನಾನು ಹೋಗಿ ಉಂಡು ಬರುತ್ತೇನೆ. ಅವಳದೇನೂ ತಪ್ಪಿಲ್ಲ. ನೀನು ಬಟ್ಟೆ ತುಂಬಿಕೊಂಡು ಗೆಳತಿಯ ರೂಮಿಗೆ ಹೋದ ಮೇಲೆ ನನಗೂ ನನ್ನ ಮುಖ ಬೇಡವಾಗಿದೆ. ಅಂಗಡಿಯ ಆಳೆತ್ತರದ ಕನ್ನಡಿಗೆ ಬಟ್ಟೆ ಮುಚ್ಚಿ, ಕೇಳಿದವರಿಗೆಲ್ಲ ಬಿರುಕು ಬಿಟ್ಟಿದೆ ಎಂದು ಹೇಳುತ್ತಿದ್ದೇನೆ.

ಆ ಸಂಜೆ ನೀನು ಕೆಲಸದಿಂದ ಬಂದವಳೇ ಬಿಳಿ ಕೋಟನ್ನು ನನ್ನ ತೊಡೆಯ ಮೇಲೆ ಹಾಕಿ, “ಅಪ್ಪಾ, ನಡುವಿನ ಗುಂಡಿ ಬಿದ್ದೋಗಿದೆ, ಹಾಕಿಡು” ಎಂದು ಸ್ನಾನಕ್ಕೆ ಹೋದೆ. ನಿನಗೆ ಆ ಇಂಧನದ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ನಾನೇ ಹೊಲಿದುಕೊಟ್ಟ ಕೋಟು ಅದು. ನೀನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದೆ. ಬಂದವಳ ಮೇಲೆ ನಾನು ಹರಿಹಾಯ್ದೆ. “ಎಲ್ಲಿ ಕುಡಿದು ಬಂದೆ? ಕೋಟೆಲ್ಲ ನಾತ ಹೊಡೀತಿದೆ.” ನೀನು ನಗುತ್ತಲೇ, “ಅದು ಲ್ಯಾಬಿನ ಸ್ಪಿರಿಟ್ ಅಪ್ಪಾ, ತುಂಬಿಸುವಾಗ ಚೆಲ್ಲಿತು” ಎಂದೆ. ನಾನು ಕೇಳಲಿಲ್ಲ. “ಊದು” ಎಂದೆ.

ಊದು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದರೆಂದು ನಿನಗೆ ಗೊತ್ತು. ನಾನು ಕುಡಿಯುತ್ತಿದ್ದ ಕಾಲದಲ್ಲಿ ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು ನನಗೆ ಹೇಳುತ್ತಿದ್ದ ಮಾತು ಅದು, ನೀನು ಅವಳ ಬೆನ್ನ ಹಿಂದಿನಿಂದ ಇಣುಕುತ್ತಿದ್ದೆ. ಈಗ ಬೆಳೆದು ದುಡಿಯುವ ಮಗಳು ನೀನು, ತುದಿಗಾಲಲ್ಲಿ ನಿಂತು ನನ್ನ ಮುಖಕ್ಕೆ ಊದಿದೆ. ಬರೀ ಚಹಾದ ವಾಸನೆ. ನೀನು ಜಗಳವನ್ನೂ ಆಡಲಿಲ್ಲ. ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿಕೊಂಡೆ.

ಮೊನ್ನೆ ಗುಂಡಿ ಹಾಕಿದ ಕೋಟನ್ನು ಹಿಡಿದುಕೊಂಡು ನಿನ್ನ ಲ್ಯಾಬಿಗೆ ಹೋದೆ. ಕೋಟು ಒಂದು ನೆಪ, ನಿನ್ನ ಮುಖ ನೋಡಬೇಕಿತ್ತು. ನೀನು ಬೇರೆ ಕಟ್ಟಡಕ್ಕೆ ಹೋಗಿದ್ದೆಯಂತೆ. ನಿಮ್ಮ ಮೇಡಂ ಪಾಪ, ನನ್ನನ್ನು ಕೂರಿಸಿ, ಮಗಳು ಮಾಡುವ ಕೆಲಸ ನೋಡಿ ಎಂದು ಒಳಗೆ ಕರೆದುಕೊಂಡು ಹೋದರು. ಬಾಗಿಲು ತೆಗೆಯುತ್ತಲೇ ಅದೇ ವಾಸನೆ. ನನ್ನ ಕಿವಿ ಬಿಸಿಯಾಯಿತು. ಅಂಗೈಯಗಲದ ಉಕ್ಕಿನ ತಟ್ಟೆಯನ್ನು ಕಾಯಿಸಿ, ಮೇಲಿನ ಸೂಜಿಯಿಂದ ಆಲ್ಕೋಹಾಲಿನ ಒಂದು ಹನಿ ಬೀಳಿಸಿದರು. ಬಿದ್ದ ಹನಿ ತಟ್ಟೆಗೆ ಅಂಟಿಕೊಂಡು ಹರಡಿತು, ಚುರ್ ಎಂದು ಕುದಿದು ಇಲ್ಲವಾಯಿತು. ಆಮೇಲೆ ತಟ್ಟೆಯನ್ನು ಇನ್ನೂ ಬಹಳ ಕಾಯಿಸಿದರು. ಈಗ ಹನಿ ಮುಟ್ಟುವ ಮೊದಲೇ ಮಾಯವಾಗುತ್ತದೆ ಎಂದುಕೊಂಡೆ. ಅದು ಚೆಂಡಿನಂತೆ ಪುಟಿದು, ದುಂಡಗೆ ತಟ್ಟೆಯ ಮೇಲೆಲ್ಲ ಓಡಾಡಿತು. ಬಹಳ ಹೊತ್ತು ಆರಲಿಲ್ಲ.

“ಬಿಸಿ ಅಷ್ಟು ಜಾಸ್ತಿಯಾದಾಗ ಹನಿ ತಟ್ಟೇನ ಮುಟ್ಟೋದೇ ಇಲ್ಲ” ಎಂದರು ಮೇಡಂ. “ಅದರದೇ ಆವಿ ಅಡಿಯಲ್ಲಿ ಹಾಸಿಗೆ ಥರ ನಿಂತುಬಿಡುತ್ತೆ. ಎಂಜಿನ್ ಒಳಗಿನ ಬಿಸಿ ಗೋಡೆಗೆ ಇಂಧನದ ಹನಿ ಬಡಿದಾಗ ಅಂಟುತ್ತೋ ಪುಟಿಯುತ್ತೋ, ಅದನ್ನೇ ನಿಮ್ಮ ಮಗಳು ನೋಡ್ತಿರೋದು.”

ನನಗೆ ಎಂಜಿನ್ ಅರ್ಥವಾಗಲಿಲ್ಲ, ಹನಿ ಅರ್ಥವಾಯಿತು. ನಾನು ಕುಡಿದು ಬಂದ ದಿನ ನಿನ್ನ ಅಮ್ಮ ಎದುರು ನಿಂತು ಮಾತಿಗೆ ಮಾತು ಕೊಟ್ಟು ಕುದಿದು ಸುಸ್ತಾಗುತ್ತಿದ್ದಳು. ನೀನು ಮಾತ್ರ ಪುಸ್ತಕ ಹಿಡಿದು ಗೋಡೆಯ ಪಕ್ಕದಲ್ಲೇ ಸರಿದು, ನನಗೆ ಎಲ್ಲೂ ತಾಗದೆ ಓಡಾಡುತ್ತಿದ್ದೆ. ಅದನ್ನು ನೋಡಿ ನಾನು, ನನ್ನ ಮಗಳು ಎಷ್ಟು ಸಮಾಧಾನದವಳು ಎಂದು ಗೆಳೆಯರ ಮುಂದೆ ಹೊಗಳಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತದೆ ಗುಬ್ಬಿ. ಮೇಡಂ ಮಾತಾಡುತ್ತಲೇ ಇದ್ದರು. ನಿನ್ನ ಕೋಟನ್ನು ಅವರ ಕೈಗಿಟ್ಟು, “ಬಾಗಿಲು ಸ್ವಲ್ಪ ತೆಗೀತೀರಾ” ಎಂದು ಕೇಳಿ ಹೊರಗೆ ಬಂದುಬಿಟ್ಟೆ.

ಬಾಗಿಲು ಯಾಕೆ ತೆಗೆಸಿದೆ ಎಂಬುದನ್ನು ಹೇಳದಿದ್ದರೆ ಈ ಪತ್ರವೂ ಸುಳ್ಳು. ಆ ಸಂಜೆ ನೀನು ಸ್ನಾನಕ್ಕೆ ಹೋದಾಗ ನಾನು ಗುಂಡಿ ಹುಡುಕಲಿಲ್ಲ. ಕೋಟಿಗೆ ಮುಖವಿಟ್ಟು ಕುಳಿತಿದ್ದೆ. ಕುಡಿತ ಬಿಟ್ಟು ವರ್ಷಗಳಾದವು ಎಂದು ಬೀಗುವ ಈ ಬಾಯಲ್ಲಿ ನೀರೂರಿತು. ನೀನು ಕುಡಿದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕುಡಿದ ಬಾಯಿಯ ವಾಸನೆಗೂ ಚೆಲ್ಲಿದ ಸ್ಪಿರಿಟ್ಟಿನ ವಾಸನೆಗೂ ವ್ಯತ್ಯಾಸ ತಿಳಿಯದವನೇ ನಾನು? ಅಷ್ಟರಲ್ಲಿ ನಿನ್ನ ಹೆಜ್ಜೆ ಸದ್ದಾಯಿತು. ಸಿಕ್ಕಿಬಿದ್ದೆ ಅಂದುಕೊಂಡೆ. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ನಾನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದೆ, ನಂಬಿಕೆಯಿದ್ದೂ ನಿನ್ನನ್ನು ಕಳ್ಳಿ ಮಾಡಿದೆ. ನಾನು ಕೋಟು ಮೂಸುತ್ತಿದ್ದುದನ್ನು ನೀನು ನೋಡಿದೆಯೋ ಇಲ್ಲವೋ ನನಗೆ ತಿಳಿಯದು. ನೋಡಿಯೂ ಊದಿದ್ದರೆ? ಆ ಯೋಚನೆಯಲ್ಲೇ ನನಗೆ ನಿದ್ದೆ ಬರುತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ಇಲ್ಲ. ಇದನ್ನೆಲ್ಲ ನಿನ್ನ ಅಮ್ಮನಿಗೂ ಇವತ್ತು ಹೇಳುತ್ತೇನೆ, ಅವಳು ಗೋಡೆಯ ಕಡೆ ತಿರುಗಿದ್ದರೆ ಗೋಡೆಯ ಮುಂದೆ ನಿಂತು ಹೇಳುತ್ತೇನೆ. ನೀನು ಮನೆಗೆ ಬಾ. ಕೋಟು ಹಾಕಿಕೊಂಡೇ ಬಾ, ಗೋಡೆಯ ಪಕ್ಕ ಸರಿಯಬೇಡ, ನಡುಮನೆಯಲ್ಲೇ ನಡೆ. ಬಾಗಿಲಲ್ಲಿ ನಾನು ನಿಂತಿರುತ್ತೇನೆ. ನೀನು ಏನೂ ಕೇಳಬೇಕಾಗಿಲ್ಲ. ಬಗ್ಗಿ, ನಿನ್ನ ಮುಖದ ಹತ್ತಿರ ಬಂದು, ನಾನೇ ಊದುತ್ತೇನೆ.

ನೀನು ಎಲ್ಲಿದ್ದರೂ ಯಾರಿಗೂ ಹೆದರದೆ ತಣ್ಣಗೆ ಬಾಳು ಮಗಳೇ.

ನಿನ್ನ ಅಪ್ಪ