ತೊಗಲು ಸುಲಿಯುವವನ ಮನೆಗೆ ಬಂದವಳು

ಬ್ರೆನ್ಸ್‌ಟೆಟ್,
ನವೆಂಬರ್ ೧೪, ೨೦೧೭

ಮುದ್ದು ರೊಸ್ವಿತಾ,

ನೀನು ಕಳಿಸಿದ ಪುಸ್ತಕ ಕೈಸೇರಿ ಮೂರು ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಸರಪಡಬೇಡ. ಮಂಡಿನೋವು ಅಂತ ನೆಪ ಹೇಳಬಹುದಿತ್ತು. ನಿಜವೆಂದರೆ ಎರಡು ಸಲ ಬರೆದು ಹರಿದು ಹಾಕಿದೆ. ರಟ್ಟಿನ ಮೇಲೆ ನಿನ್ನ ಹೆಸರು ನೋಡಿ ಕಣ್ಣು ತುಂಬಿತು. ಆಮೇಲೆ ಒಳಗೆ ಓದಿದೆ.

ಕಳೆದ ಮಂಗಳವಾರ ನಮ್ಮ ಪತ್ರಾಗಾರಕ್ಕೆ ಕ್ಸಾವರ್ ಹಾರ್ಟ್‌ನಾಗೆಲ್ ಎಂಬ ಮುದುಕರು ಬಂದಿದ್ದರು. ನಿನ್ನ ಪುಸ್ತಕದ ವೈಟ್ ಇದ್ದಾನಲ್ಲ, ೧೬೪೧ರಲ್ಲಿ ಊರಾಚೆ ಸತ್ತ ದನಗಳ ತೊಗಲು ಸುಲಿಯುತ್ತಿದ್ದವನು, ಅವನ ವಂಶದವರಂತೆ.

"ವೈಟ್‌ನ ಹೆಂಡ್ತಿ ಹೆರಿಗೇಲಿ ಒದ್ದಾಡ್ತಿದ್ದಾಗ ಊರಿಂದ ಒಬ್ಳು ಬಂದಿದ್ಳು ಅಂತ ನಮ್ಮಜ್ಜಿ ಹೇಳೋರು. ಪುಸ್ತಕದಲ್ಲಿ ಯಾರೂ ಬರ್ಲಿಲ್ಲ ಅಂತಿದೆ. ಅಜ್ಜಿ ಸುಳ್ಳು ಹೇಳಿದ್ರಾ, ಅಮ್ಮಾ?"

ವೈಟ್ ನಗರಸಭೆಗೆ ಬರೆಸಿದ ಅರ್ಜಿಯನ್ನು ತೆಗೆದು ಅವರಿಗೆ ಓದಿ ಹೇಳಿದೆ. ಸೂಲಗಿತ್ತಿ ಬಾಗಿಲು ತೆರೆಯಲಿಲ್ಲ. ಆ ಮನೆಯವರನ್ನು ಮುಟ್ಟಿದರೆ ಅವಳ ಕಸುಬೇ ಹೋಗುತ್ತಿತ್ತು. ಬಂದವಳು ರೊಟ್ಟಿ ಅಂಗಡಿಯ ವಿಧವೆ ಕುನಿಗುಂಡ್. ತಾಯಿ ಸತ್ತಳು, ಮಗುವನ್ನು ಇವಳು ಉಳಿಸಿದಳು. ಆ ತಪ್ಪಿಗೆ ಅವಳ ಒಲೆ ಒಡೆದು ಊರು ಬಿಡಿಸಿದರು. ವೈಟ್ ತನಗಾಗಿ ಏನನ್ನೂ ಕೇಳಿಲ್ಲ. ಅವಳನ್ನು ಮರಳಿ ಕರೆಸಿ ಎಂದಷ್ಟೇ ಬೇಡಿಕೊಂಡಿದ್ದಾನೆ.

ಮುದುಕರು ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಪುಸ್ತಕ ಬರೆದೋರು ಗೊತ್ತಿದ್ದೂ ಬಿಟ್ರಾ?" ಎಂದರು.

"ಬಿಡಿಸಿ ಓದೋಕೆ ಕಷ್ಟದ ಬರಹ. ಕಣ್ತಪ್ಪಿರ್ಬೇಕು" ಎಂದೆ. ನಿನಗಾಗಿ ಸುಳ್ಳು ಹೇಳಿದೆ.

ಹಳೇ ಬರಹ ಬಿಡಿಸಿ ನಾನು ನಿನಗೆ ಬರೆದುಕೊಟ್ಟ ಹಾಳೆಗಳಲ್ಲಿ ಕುನಿಗುಂಡ್ ಇದ್ದಳು. ಪುಸ್ತಕ ಓದಿದ ದಿನವೇ ನಿನಗೆ ಫೋನ್ ಮಾಡಿ ಕೇಳಿದೆನಲ್ಲ. "ಪ್ರೊಫೆಸರ್ ಬೇಡ ಅಂದ್ರಮ್ಮ. ಒಬ್ಳು ಬಂದ್ಳು ಅಂದ್ರೆ, ಇಡೀ ಊರೇ ಅವರನ್ನ ದೂರ ಇಟ್ಟಿತ್ತು ಅನ್ನೋ ನಮ್ಮ ವಾದ ಸಡಿಲ ಆಗತ್ತೆ. ಇಷ್ಟಕ್ಕೆಲ್ಲಾ ಯಾಕೆ ರಂಪ ಮಾಡ್ತೀಯ?" ಎಂದೆ ನೀನು. ನಿಮ್ಮ ವಾದ ಗಟ್ಟಿಯಾಗಲೆಂದು ಆ ಹೆಂಗಸನ್ನು ಎರಡನೇ ಸಲ ಊರು ಬಿಡಿಸಿದಿರಿ, ಮಗಳೇ.

ಹಾರ್ಟ್‌ನಾಗೆಲ್‌ರಿಗೆ ಅರ್ಜಿಯ ನಕಲು ಕೊಟ್ಟಿದ್ದೇನೆ. ಪತ್ರಿಕೆಗೆ ಬರೆಯುತ್ತಾರಂತೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಚಳಿ ಹೆಚ್ಚುತ್ತಿದೆ, ಬೆಚ್ಚಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟು ಸಿಟ್ಟಿದ್ದರೂ ನಿನಗೆ ಒಳ್ಳೆಯದಾಗಲಿ ಅಂತಲೇ ಮನಸ್ಸು ಅನ್ನುತ್ತದೆ.

ನಿನ್ನ ಅಮ್ಮ,
ಗೆರ್ಲಿಂಡ

ಮರೆತ ಮಾತು: ಭಾನುವಾರ ರೇಡಿಯೋದಲ್ಲಿ ನೀನು ಮಾತಾಡುತ್ತೀ ಎಂದು ಪಕ್ಕದ ಮನೆಯ ಹಿಲ್ಟ್ರೂಡ್‌ಳನ್ನೂ ಕರೆದು ಕೂರಿಸಿಕೊಂಡಿದ್ದೆ. ಆ ಹಳೇ ಬರಹ ಹೇಗೆ ಓದಿದಿರಿ ಎಂದು ರೇಡಿಯೋದವರು ನಿನ್ನನ್ನು ಕೇಳಿದರು. "ಅಲ್ಲಿ ಕೆಲಸ ಮಾಡೋ ಒಬ್ಬ ಹೆಂಗಸು ಸ್ವಲ್ಪ ಸಹಾಯ ಮಾಡಿದ್ರು" ಎಂದೆ ನೀನು. ನನ್ನ ಹನ್ನೊಂದು ವರ್ಷದ ಕೆಲಸ ಅದು. ಹಿಲ್ಟ್ರೂಡ್ ಕಾಫಿ ಲೋಟ ಕೆಳಗಿಟ್ಟು, "ಯಾರೇ ಅದು?" ಎಂದಳು. ನನಗೆ ಗೊತ್ತಿಲ್ಲ ಎಂದೆ.