ಈ ವರ್ಷ ಡಬ್ಬಿ ಬರಲಿಲ್ಲ, ಕಾಕಾ

ನನ್ನ ಕಾಕಾ,

ಹಾಂ, ಬೀಗದಕೈ ವಾಪಸ್ ಕೊಟ್ಟೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಪೂರ್ತಿ ಓದು. ಹುಮನಾಬಾದಿನ ಆ ಗೋದಾಮಿನ ಗೇಟಿಗೆ ನನ್ನನ್ನು ತಂದು ನಿಲ್ಲಿಸಿದವನು ನೀನೇ. "ನಾಕನೇ ಕ್ಲಾಸಿಗಿ ಸಾಲಿ ಬಿಟ್ಟಾವಗ ಇದಕ್ಕಿಂತ ಛಲೋ ನೌಕ್ರಿ ಯಾರ್ ಕೊಡ್ತಾರೋ ಶಿವ್ಯಾ? ನನ್ನ ಇಜ್ಜತ್ ಹಿಡಕೊಂಡು ನಿಂದ್ರು" ಅಂದಿದ್ದೆ. ಹದಿನೆಂಟು ವರ್ಷ ನಿಂತೆ. ಒಂದು ಕೈಯಲ್ಲಿ ನಿನ್ನ ಇಜ್ಜತ್ತು, ಇನ್ನೊಂದರಲ್ಲಿ ಗೇಟಿನ ಹಗ್ಗ. ಮೂಗು ತುರಿಸಿಕೊಳ್ಳಲು ಕೈಯೇ ಉಳಿದಿರಲಿಲ್ಲ.

ಒಂದು ಸಲ ನೀನೇ ಬಂದು ಅರ್ಧ ದಿನ ನನ್ನ ಪಕ್ಕ ಕೂತಿದ್ದೆ, ನೆನಪಿದೆಯೇ? ಹಗ್ಗ ಬಿಟ್ಟರೆ ಅಡ್ಡಗಂಬ ಮೇಲೆ, ಎಳೆದರೆ ಕೆಳಗೆ. ಲಾರಿಯ ನಂಬರು ಬರೆದುಕೊಳ್ಳುವುದು, ಅಷ್ಟೇ. ನಾಗಪುರದವರು, ವಿಜಯವಾಡದವರು, ಎಲ್ಲಿಂದಲೋ ಬಂದವರು ಎಲ್ಲಿಗೋ ಹೋದರು. ನಾನು ಮಾತ್ರ… ಆದರೆ ಆ ಡ್ರೈವರುಗಳು ಚಹಾ ಕುಡಿಯುತ್ತಾ ಹೇಳಿದ್ದೆಲ್ಲ ನನ್ನ ತಲೆಯಲ್ಲಿ ಕೂತಿತು. ಯಾವ ಘಾಟಿನಲ್ಲಿ ವಾಂತಿ ಬರುತ್ತದೆ, ಯಾವ ಧರ್ಮಶಾಲೆಯಲ್ಲಿ ಬಿಸಿನೀರು ಸಿಗುತ್ತದೆ, ಹೆಣ್ಣುಮಕ್ಕಳು ಹೋಗುವಂಥ ಪಾಯಖಾನೆ ಎಲ್ಲಿದೆ, ಎಲ್ಲ ಗೊತ್ತು. ಒಂದೂ ಊರು ನೋಡದೆ ಎಲ್ಲ ಊರಿನ ದಾರಿ ಕಲಿತೆ. ಇದು ವಿದ್ಯೆ ಅಲ್ಲವೇ?

ಹೋದ ಬೇಸಿಗೆಯಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಮತ್ತೆ ಆ ಗೇಟಿನಲ್ಲಿ ನಿಂತಾಗಲೇ ಅಂದುಕೊಂಡೆ, ಇನ್ನು ಸಾಕು ಅಂತ. ನೀನಿದ್ದಾಗ ಬಿಡಲು ಧೈರ್ಯ ಬರಲಿಲ್ಲ, ಅದು ನಿಜ. ಈಗ ಕಲ್ಯಾಣದ ಬಸ್ ಸ್ಟ್ಯಾಂಡ್ ಎದುರು ರಾಜುವಿನ ಟೇಲರ್ ಅಂಗಡಿಯಲ್ಲಿ ಅರ್ಧ ಟೇಬಲ್ಲು ನನ್ನದು. ಗಾಡಿ, ಊಟ, ವಸತಿ ಎಲ್ಲ ನಾನೇ ಗೊತ್ತುಮಾಡಿ ಜನರಿಗೆ ಊರು ತೋರಿಸಿ ತರುವ ದಂಧೆ. ಜಂಪರಿನ ಅಳತೆ ಕೊಡಲು ಬಂದವರನ್ನೂ "ಯಾವ ಊರಿಗ್ರಿ ಅಕ್ಕಾರ?" ಅಂತ ಕೇಳಿ ರಾಜುವಿನಿಂದ ಬೈಸಿಕೊಳ್ಳುತ್ತೇನೆ. ಬೈಸಿಕೊಂಡರೂ ಕೂತು ಬೈಸಿಕೊಳ್ಳುತ್ತೇನೆ ಕಾಕಾ, ನಿಂತು ಅಲ್ಲ.

ಮೊದಲ ಗಿರಾಕಿಗಳು ಕೊಹಿನೂರಿನ ಹದಿನಾಲ್ಕು ಹೆಂಗಸರು. ಎಲ್ಲರೂ ಹೊಲದ ಕೂಲಿಗೆ ಹೋಗುವವರು, ಪಂಢರಪುರ ನೋಡಬೇಕು ಅಂದರು. ನಾನೇ ತಾರೀಖು ಹಾಕಿದೆ, ಎರಡು ಜೀಪು ಹೇಳಿದೆ. ಐದು ದಿನ ಮುಂಚೆ ನೆನಪು ಮಾಡಲು ಹೋದರೆ ಅವರ ಮುಂದಾಳು ಚಂದ್ರಮ್ಮತ್ತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಶಿವ್ಯಾ, ತಲಿ ನೆಟ್ಟಗದ ಏನೋ? ಅವತ್ತು ಎಳ್ಳಮಾಸಿ! ಎಳ್ಳಮಾಸಿ ದಿನ ಹೊಲ ಬಿಟ್ಟು ಹೋದ್ರ ವಿಠ್ಠಲ ಬಾಗ್ಲಾ ಹಾಕೋತಾನ. 'ಬಜ್ಜಿ ಬಿಟ್ಟು ಇಲ್ಲಿಗಿ ಯಾಕ ಬಂದ್ರಿ' ಅಂತ ಕೇಳ್ತಾನ!"

ಎಳ್ಳಮಾಸಿ ಮರೆಯುವವನು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದಾನೆಯೇ? ಊರಿಗೆ ಊರೇ ಹೊಲಕ್ಕೆ ಹೋಗಿ ಕೂತು ಉಣ್ಣುವ ದಿನ ಅದು. ಗೋದಾಮಿನಲ್ಲಿ ಅವತ್ತೂ ರಜೆ ಇರುತ್ತಿರಲಿಲ್ಲ. ನೀನು ಮುಡಬಿಯಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿಯ ಡಬ್ಬಿ ಕಳಿಸಿದಾಗಲೇ ನನಗೆ ಗೊತ್ತಾಗುತ್ತಿದ್ದುದು, ಓಹೋ, ಇವತ್ತು ಎಳ್ಳಮಾಸಿ ಅಂತ. ಹದಿನೆಂಟು ವರ್ಷ ನನ್ನ ಪಂಚಾಂಗ ನಿನ್ನ ಡಬ್ಬಿಯೇ. ಇನ್ನು ಡಬ್ಬಿ ಕಳಿಸುವವನೇ… ಬಿಡು.

ನಾನು ಕಲ್ಯಾಣ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಚಹಾದಂಗಡಿಯಲ್ಲಿ ಕೂತವರು, "ಎಳ್ಳಮಾಸಿ ತಿಳೀಲಾರದಾಂವ ಊರು ತೋರಸ್ತಾನಂತ! ಮೊದ್ಲ ಅಂವಗ ಅವನ ಮನಿ ತೋರಸ್ರಿ" ಅಂದರು. ನಾನೂ ನಕ್ಕೆ, ಅವರಿಗಿಂತ ಜೋರಾಗಿ. ಒಳಗೆ ಮಾತ್ರ ಗೊತ್ತಿತ್ತು, ಈ ಮೊದಲ ಗಾಡಿ ಹೊರಡದಿದ್ದರೆ ಎರಡನೆಯದಕ್ಕೆ ಯಾರೂ ಹತ್ತುವುದಿಲ್ಲ ಅಂತ. ಜೀಪಿನ ಬಾಬುಮಿಯಾ ಬೇರೆ ಬಂದು, "ಶಿವಾಭಾಯ್, ಜೀಪ್ ಖಾಲಿ ನಿಂದ್ರಸ್ತಿ ಏನು?" ಅಂದ.

ಆಗಲೇ ಜಂಪರು ಒಯ್ಯಲು ಒಬ್ಬ ಟೀಚರಮ್ಮ ಬಂದರು. ಮೈಸೂರು ಕಡೆಯವರು, ಇಲ್ಲಿ ಬಾಡಿಗೆ ರೂಮಿನಲ್ಲಿದ್ದಾರೆ. "ಆ ದಿನ ನಮ್ಮ ಪಾಡು ಕೇಳ್ಬೇಡಿ. ಹೋಟ್ಲೂ ಇಲ್ಲ, ಅಂಗ್ಡಿನೂ ಇಲ್ಲ, ಊರೆಲ್ಲ ಹೊಲಕ್ಕೆ. ನಾವು ರೂಮಲ್ಲಿ ಬಿಸ್ಕೆಟ್ ತಿಂತಾ ಕೂತಿರ್ತೀವಿ" ಅಂದರು. ನಾನು ಎದ್ದೇ ನಿಂತೆ ಕಾಕಾ. ಹಳ್ಳಿಯವರಿಗೆ ಊರು ತೋರಿಸಲು ಆಗದಿದ್ದರೆ ಊರಿನವರಿಗೆ ಹೊಲ ತೋರಿಸಬಾರದೇಕೆ? ಜೀಪು ಅವೇ, ತಾರೀಖೂ ಅದೇ. ಹೊಲ ಯಾವುದು? ನಿನ್ನದೇ.

ಮುಡಬಿಗೆ ಹೋಗಿ ಕೇಳಿದರೆ ಕಾಕಿ ಮುಖ ತಿರುಗಿಸಿದಳು. "ಅವ್ರು ಹೋಗಿ ವರ್ಷ ತುಂಬಿಲ್ಲ. ಹಬ್ಬ ಹ್ಯಾಂಗ ಮಾಡಲೋ?"

"ನಾವು ಎಲ್ಲಿ ಮಾಡಾಕತ್ತೀವಿ ಕಾಕಿ? ಹೊಲ ಇಲ್ಲದ ಮಂದಿಗಿ ಮಾಡಸಾಕತ್ತೀವಿ. ಕಾಕಾ ಇದ್ದಾಗ ಹಸಿದವರಿಗಿ ಹೊಲದಿಂದ ಹಂಗೇ ಕಳಸ್ಯಾನೇನು?"

ಕಾಕಿ ಸೆರಗಿನಿಂದ ಕಣ್ಣೊರೆಸಿ, "ಎಷ್ಟು ಮಂದಿ?" ಅಂದಳು.

ಹದಿನೆಂಟು ಮಂದಿ, ಕಾಕಾ! ಟೀಚರುಗಳು, ನರ್ಸಮ್ಮನವರು, ಬ್ಯಾಂಕಿನ ಇಬ್ಬರು. ಈಗ ಎಲ್ಲರೂ ನಿನ್ನ ಹೊಲದಲ್ಲೇ ಇದ್ದಾರೆ. ನಾನು ನಿನ್ನ ಬೇವಿನ ಗಿಡದ ಕೆಳಗೆ ಕೂತು, ಪಂಢರಪುರದ ಹೆಸರಿನ ಪಟ್ಟಿಯ ಹಿಂದೆ ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕಿನವರು ಜೋಳದ ದಂಟಿನ ಕೊಂಪೆ ಕಟ್ಟಲು ಹೋಗಿ ಎರಡು ಸಲ ಬೀಳಿಸಿದರು. ಟೀಚರಮ್ಮ ಭೂತಾಯಿಗೆ ಎಡೆಯ ಚರಗ ಚೆಲ್ಲುತ್ತಾ ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿದರು. ಕಾಕಿ ನಗುತ್ತಿದ್ದಾಳೆ. ನೀನು ಹೋದ ಮೇಲೆ ಇವತ್ತೇ ಮೊದಲು.

ಮುಂದಿನ ವಾರ ಕೊಹಿನೂರಿನವರ ಪಂಢರಪುರ ಇದೆ. ಕಾಕಿಯ ಹೆಸರನ್ನೂ ಬರೆದಿದ್ದೇನೆ, ಕಿಟಕಿ ಪಕ್ಕ. ನಿನ್ನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಆ ಗೇಟಿಗೆ ಮಾತ್ರ ಇನ್ನು ಹೋಗುವುದಿಲ್ಲ ಕಾಕಾ, ನೀನೇ ಎದ್ದು ಬಂದು ಕಿವಿ ಹಿಂಡಿದರೂ.

ಆದರೆ ಗೇಟಿನಲ್ಲಿ ಈಗ ಬೇರೆ ಯಾರೋ ನಿಂತಿದ್ದಾನೆ. ಅವನ ಹೆಸರೂ ನನಗೆ ಗೊತ್ತಿಲ್ಲ. ಇವತ್ತು ಅವನಿಗೂ ರಜೆ ಇರುವುದಿಲ್ಲ. ಅದಕ್ಕೇ ಬೆಳಿಗ್ಗೆ ಕಾಕಿ ಮೊದಲು ನಿನ್ನ ಡಬ್ಬಿ ತುಂಬಿದಳು. ಕೆಳಗೆ ಬಜ್ಜಿ, ಮೇಲೆ ಸಜ್ಜಿರೊಟ್ಟಿ. ನಾನೇ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಗೋದಾಮಿನ ಗೇಟಿನಾಗ ನಿಂತಾಂವಗ ಕೊಡ್ರಿ. ಮುಡಬಿ ಕಾಕಾ ಕಳಸ್ಯಾನ ಅನ್ರಿ" ಅಂದೆ. ಈಗ ಅವನು ಮುಚ್ಚಳ ತೆಗೆದು…

"ಏ ಶಿವ್ಯಾ! ಮಂದೀನ ಕರಕೊಂಡ್ ಬಂದು ನೀ ಎಲ್ಲಿ ಕುಂತೀದಿ? ಬಜ್ಜಿ ಆರಾಕತ್ತದ, ಜಲ್ದಿ ಬಾ!"

ಕಾಕಿ ಕರೆಯುತ್ತಿದ್ದಾಳೆ, ಕಾಕಾ. ಬರುತ್ತೇನೆ.