ದೊಡ್ಡ ನಂಬರಿನ ಟೈರು

ಜುಲೈ ೯, ಬುಧವಾರ

ಇವತ್ತು ನನ್ನ ಅಕ್ಷರ ಕೋಳಿ ಕೆದರಿದಂತಿದೆ. ಮಗಳು ಓಡಿಸುವ ಶಾಲೆಯ ವ್ಯಾನು ಬೆಳಿಗ್ಗೆ ಮಳೆಯಲ್ಲಿ, ಇಳಿಜಾರಿನ ತಿರುವಿನಲ್ಲಿ ಜಾರಿ, ಮೋರಿಯ ಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತಂತೆ. ಒಳಗೆ ಹನ್ನೊಂದು ಮಕ್ಕಳು. ಯಾರಿಗೂ ಏನೂ ಆಗಲಿಲ್ಲ.

ಹೋದ ತಿಂಗಳು ಹಾಕಿಸಿದ ಹೊಸ ಟೈರು ಜಾರುವುದೆಂದರೇನು? ಅಂಗಡಿಯವನ ಚಳಿ ಬಿಡಿಸಲೆಂದೇ ಸಂಜೆ ಅವಳ ಜೊತೆ ಹೋದೆ. ಅವನು ಟೈರಿನ ಪಕ್ಕದಲ್ಲಿ ಅಚ್ಚಾದ ನಂಬರಿನ ಮೇಲೆ ಬೆರಳಿಟ್ಟ.

"ಆರುನೂರು. ನಂಬರ್ ದೊಡ್ಡದಾದ್ರೆ ಟೈರು ನಿಧಾನ ಸವೆಯುತ್ತೆ, ಅಷ್ಟೇ ಅಜ್ಜಿ. ಇದರ ರಬ್ಬರ್ ಗಟ್ಟಿ, ಒದ್ದೆ ಇಳಿಜಾರಲ್ಲಿ ಹಿಡಿತ ಕಮ್ಮಿ. ನಿಮ್ಮ ದಾರಿಗೆ ಮುನ್ನೂರರದ್ದೇ ಸರಿ ಅಂತ ಅವತ್ತೇ ಹೇಳಿದ್ದೆ. ಇದನ್ನ ಆರಿಸಿದ್ಯಾರು?"

ಆರಿಸಿದವಳು ನಾನು. ನನ್ನದು ಮೂರನೇ ಕ್ಲಾಸಿನ ಬುದ್ಧಿ. ಪರೀಕ್ಷೆಯ ಅಂಕದ ಹಾಗೆ ಹೆಚ್ಚಿದ್ದದ್ದೇ ಜಾಣ ಎಂದುಕೊಂಡು, "ಮುನ್ನೂರರದ್ದು ಫೇಲಾದ ಟೈರು, ತರಬೇಡ" ಎಂದು ಮಗಳಿಗೆ ಅಪ್ಪಣೆ ಕೊಟ್ಟಿದ್ದೆ.

"ನಾನೇ ಆರಿಸಿದ್ದು. ಬದಲಾಯಿಸಿ ಕೊಡಣ್ಣ" ಎಂದಳು ಅವಳು, ನನ್ನ ಕಡೆ ನೋಡದೆ.

ಊಟಕ್ಕೆ ಕೂತಾಗ, "ಏನಮ್ಮ, ನಾಲಿಗೆಗೆ ಇವತ್ತು ರಜವಾ?" ಎಂದು ನಕ್ಕಳು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ನಾಳೆ ಅವಳು ವ್ಯಾನು ತೆಗೆಯುವ ಮೊದಲು ತಪ್ಪು ನನ್ನದೆಂದು ಹೇಳಬೇಕು. ಈ ವಯಸ್ಸಿನವರೆಗೂ ಯಾರಿಗೂ ಆ ಮಾತು ಹೇಳಿ ಅಭ್ಯಾಸವಿಲ್ಲ, ಎಲ್ಲಿಂದ ಶುರು ಮಾಡಲಿ?